ಮೇಂಟೆನೆನ್ಸ್ ಬಾಕಿ: ಲಿಫ್ಟಿಗೆ ಪಟ್ಟಿ ಅಂಟಿಸಿದರೆ ದುಡ್ಡು ಬರುತ್ತಾ?

ಬಾಕಿ ಉಳಿಸಿಕೊಂಡವರ ಹೆಸರು, ಮನೆ ನಂಬರು, ಮೊತ್ತ ಎಲ್ಲವನ್ನೂ ಟೈಪ್ ಮಾಡಿ, ಪ್ರಿಂಟ್ ತೆಗೆದು, ಲಿಫ್ಟಿನ ಕನ್ನಡಿ ಪಕ್ಕ ಅಂಟಿಸಬೇಕಂತೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹದಿನೈದು ದಿನದಿಂದ ಇದೇ ಮಾತು. ಜೊತೆಗೆ ಇನ್ನೂ ಕೆಲವು ಸಲಹೆಗಳು ಬಂದಿವೆ. ಅಂಥವರ ಮನೆಯ ನೀರಿನ ವಾಲ್ವ್ ತಿರುಗಿಸಿಬಿಡಿ, ಜನರೇಟರ್ ಲೈನ್ ಕಿತ್ತುಹಾಕಿ, ಅವರ ಮನೆಗೆ ಬರುವ ಹಾಲಿನವನನ್ನೂ ಕೊರಿಯರ್ ಹುಡುಗನನ್ನೂ ಗೇಟಿನಲ್ಲೇ ನಿಲ್ಲಿಸಿ... ಒಬ್ಬರಂತೂ ಬಾಗಿಲ ಮುಂದೆ ತಮಟೆ ಹೊಡೆಸೋಣ ಅಂದರು. ತಮಾಷೆಗೆ ಅಂದದ್ದು ಅಂತ ಅಂದುಕೊಂಡಿದ್ದೇನೆ.

ಕಥೆ, ಪ್ರವಾಸ, ಹಳೆ ಸಿನಿಮಾ ಅಂತ ಈ ಕಡೆ ಬರುವ ಮಿತ್ರರು ಇವತ್ತೊಂದು ದಿನ ಸಹಿಸಿಕೊಳ್ಳಿ. ನಿಮ್ಮಲ್ಲಿ ಅರ್ಧಕ್ಕರ್ಧ ಜನ ಫ್ಲಾಟುಗಳಲ್ಲೇ ಇದ್ದೀರಿ ಅಂತ ನಿಮ್ಮ ಬರಹಗಳಿಂದಲೇ ಗೊತ್ತು. ಬಾಲ್ಕನಿಯ ತುಳಸಿ, ಪಾರಿವಾಳದ ಕಾಟ, ಮೇಲಿನ ಮನೆಯವರು ರಾತ್ರಿ ಹನ್ನೊಂದಕ್ಕೆ ಮಂಚ ಎಳೆಯುವ ಸದ್ದು, ಎಲ್ಲ ಓದಿದ್ದೇನೆ. ಬಾಕಿ ವಸೂಲಿಯ ಬಗ್ಗೆ ಮಾತ್ರ ಯಾರೂ ಬರೆದದ್ದು ಕಂಡಿಲ್ಲ. ನಾನು ಎರಡು ವರ್ಷದಿಂದ ನಮ್ಮ ಸಂಘದ ಖಜಾಂಚಿ. ಖಜಾನೆ ಅಂದರೆ ಒಂದು ಬ್ಯಾಂಕ್ ಖಾತೆ, ಒಂದು ಎಕ್ಸೆಲ್ ಶೀಟು, ಭಾನುವಾರ ಬೆಳಗ್ಗೆ ತಿಂಡಿ ಹೊತ್ತಿಗೆ ಸರಿಯಾಗಿ ಬರುವ ಫೋನುಗಳು :-) ಹಾಗಾಗಿ ಈ ವಿಷಯದಲ್ಲಿ ನನಗೊಂದು ಗಟ್ಟಿ ಅಭಿಪ್ರಾಯ ಇದೆ. ಪಟ್ಟಿ ಅಂಟಿಸುವುದು ಬೇಡ. ಬಾಕಿದಾರರ ಮೇಲೆ ನನಗೇನೋ ಕನಿಕರ ಉಕ್ಕಿದೆ ಅಂತಲ್ಲ. ದುಡ್ಡು ನಿಜವಾಗಿ ಯಾರ ಹತ್ತಿರ ಇದೆಯೋ ಅವರನ್ನು ಆ ಪಟ್ಟಿ ಮುಟ್ಟುವುದೇ ಇಲ್ಲ, ಅದಕ್ಕೆ.

ಮೊದಲು ಲೆಕ್ಕ. ನಮ್ಮದು 64 ಮನೆ. ಒಂದೊಂದು ಮನೆಗೆ ತಿಂಗಳಿಗೆ 4,200 ರೂಪಾಯಿ. ಎಲ್ಲರೂ ಕೊಟ್ಟರೆ 2,68,800. ಕಾವಲುಗಾರರು ಹಗಲಿಗಿಬ್ಬರು ರಾತ್ರಿಗಿಬ್ಬರು, ಏಜೆನ್ಸಿ ಬಿಲ್ಲು 88 ಸಾವಿರ. ಗುಡಿಸಿ ಒರೆಸುವ ಮೂವರಿಗೆ 54 ಸಾವಿರ. ನೀರು ಸರಾಸರಿ 40 ಸಾವಿರ. ಬೋರು ಕೈಕೊಟ್ಟ ತಿಂಗಳಲ್ಲಿ ಇದು ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗದು. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತವೇ ಮಧ್ಯೆ ಬಂದು 12 ಸಾವಿರ ಲೀಟರ್ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ದರ ಕಟ್ಟಬೇಕಾಯಿತಲ್ಲ, ಅದು ನೆನಪಿರುವವರಿಗೆ ವಿವರಿಸಬೇಕಿಲ್ಲ. ಲಿಫ್ಟು-ಮೋಟರು-ಮೆಟ್ಟಿಲ ದೀಪಗಳ ಕರೆಂಟ್ ಬಿಲ್ 35 ಸಾವಿರ, ಕೊಳಚೆ ನೀರು ಶುದ್ಧಮಾಡುವ ಘಟಕಕ್ಕೆ 25, ಡೀಸೆಲ್ 10, ಲಿಫ್ಟ್ ಕಂಪನಿಗೆ 9. ಕೂಡಿದರೆ 2,61,000. ಉಳಿಯುವುದು ಏಳೂಮುಕ್ಕಾಲು ಸಾವಿರ. ಒಂದು ಮೋಟರ್ ಸುಟ್ಟರೆ ಅದೂ ಹೋಯಿತು.

ಈಗ ತಿಂಗಳಿಗೆ ಸರಿಸುಮಾರು 55 ಸಾವಿರ ಕಡಿಮೆ ಬೀಳುತ್ತಿದೆ. ಆ 55 ಸಾವಿರದ ಪೆಟ್ಟು ಎಲ್ಲಿ ಬೀಳುತ್ತೆ ಹೇಳಿ? ಕರೆಂಟ್ ಬಿಲ್ ಕಟ್ಟದಿದ್ದರೆ ಲಿಫ್ಟ್ ನಿಲ್ಲುತ್ತೆ, ಹಾಗಾಗಿ ಅದನ್ನು ಕಟ್ಟುತ್ತೇವೆ. ಟ್ಯಾಂಕರಿನವನು ಕೈಯಲ್ಲಿ ಕಾಸು ಬೀಳದೆ ಪೈಪ್ ಇಳಿಸುವುದಿಲ್ಲ, ಅವನಿಗೂ ಕೊಡುತ್ತೇವೆ. ಸುಮ್ಮನೆ ಕಾಯುವವರು ಇಬ್ಬರೇ. ಸೆಕ್ಯೂರಿಟಿ ಏಜೆನ್ಸಿ, ಹೌಸ್‌ಕೀಪಿಂಗ್ ಏಜೆನ್ಸಿ. ಅವರ ಬಿಲ್ಲನ್ನು ಹತ್ತು ದಿನ, ಇಪ್ಪತ್ತು ದಿನ ತಳ್ಳುತ್ತೇವೆ. ನಾವು ತಳ್ಳಿದರೆ ಏಜೆನ್ಸಿ ಸಂಬಳ ತಳ್ಳುತ್ತದೆ. ಮೆಟ್ಟಿಲು ಒರೆಸುವ ರಾಯಚೂರು ಕಡೆಯ ಅಕ್ಕ ಹೋದ ತಿಂಗಳು 19ನೇ ತಾರೀಕು ನನ್ನನ್ನು ನಿಲ್ಲಿಸಿ, "ಪಗಾರ ಯಾವಾಗ ಕೊಡ್ತಾರ್ರೀ ಸಾರ್? ಮನಿ ಬಾಡಿಗಿ ಕೇಳಾಕತ್ಯಾರ" ಅಂದರು. 64 ಮನೆಯವರು ಒಬ್ಬರ ಮೇಲೊಬ್ಬರು ಮುನಿಸಿಕೊಂಡಿದ್ದಕ್ಕೆ ಬಡ್ಡಿ ಕಟ್ಟುತ್ತಿರುವುದು ಆಕೆ. ಬಾಕಿ ವಸೂಲಿ ಯಾಕೆ ಮುಖ್ಯ ಅಂತ ಯಾರಾದರೂ ಕೇಳಿದರೆ ನಾನು ಕೊಡುವ ಕಾರಣ ಇದೇ. ಸಂಘದ ಶಿಸ್ತು, ನಿಯಮ ಅಂತೆಲ್ಲ ಹೇಳುವುದಿಲ್ಲ.

ಸರಿ, ಕೊಡದವರು ಯಾರು?

ಒಟ್ಟು ಬಾಕಿ 8,64,200 ರೂಪಾಯಿ. ಅದರಲ್ಲಿ 6,55,200 ಒಬ್ಬರದ್ದೇ. ಬಿಲ್ಡರ್ ಸಾಹೇಬರದ್ದು. ಮಾರಾಟವಾಗದ 6 ಫ್ಲಾಟು ಇನ್ನೂ ಅವರ ಹೆಸರಲ್ಲೇ ಇವೆ, 26 ತಿಂಗಳಿಂದ ಒಂದು ಪೈಸೆ ಬಂದಿಲ್ಲ. ಕೇಳಿದರೆ "ಖಾಲಿ ಮನೆಗೆ ಎಂಥ ಮೇಂಟೆನೆನ್ಸ್ ಸಾರ್" ಅನ್ನುತ್ತಾರೆ. ಖಾಲಿ ಮನೆಯ ಮುಂದಿನ ಕಾರಿಡಾರನ್ನು ದಿನಾ ಒರೆಸಬೇಡವೇ? ಆ ಮನೆ ನೋಡಲು ಗಿರಾಕಿ ಬಂದಾಗ ಗೇಟು ತೆಗೆಯುವವನಿಗೆ, ಮೇಲಕ್ಕೆ ಕರೆದೊಯ್ಯುವ ಲಿಫ್ಟಿಗೆ, ಮಿಂಚುವ ನೆಲಹಾಸಿಗೆ ದುಡ್ಡು ಯಾರದು? ನಮ್ಮದು. ಅವರ ಮಾರಾಟಕ್ಕೆ ನಾವು 26 ತಿಂಗಳಿಂದ ಬಂಡವಾಳ ಹಾಕುತ್ತಿದ್ದೇವೆ.

ಉಳಿದದ್ದು ಎರಡು ಲಕ್ಷದ ಒಂಬತ್ತು ಸಾವಿರ. ಎಂಟು ಮನೆಗಳದ್ದು. ಇವರಲ್ಲಿ ಒಬ್ಬರು ಗಲ್ಫಿನಲ್ಲಿದ್ದಾರೆ. ಮನೆ ಬೀಗ ಹಾಕಿದೆ, 18 ತಿಂಗಳ ಬಾಕಿ. ಇಮೇಲಿಗೆ ಉತ್ತರ ಬರುತ್ತದೆ, ಬಹಳ ಮರ್ಯಾದೆಯಾಗಿ ಬರುತ್ತದೆ, ದುಡ್ಡು ಬರುವುದಿಲ್ಲ. ನಾಲ್ಕು ಮನೆಗಳಲ್ಲಿ ಬಾಡಿಗೆದಾರರಿದ್ದಾರೆ. ಓನರು "ಅವರು ಕಟ್ತಾರೆ" ಅಂತಾರೆ, ಅವರು "ಓನರ್ ಕಟ್ತಾರೆ" ಅಂತಾರೆ, ಇಬ್ಬರ ನಡುವೆ ಎರಡೆರಡು ತಿಂಗಳು ಕಳೆದುಹೋಗಿದೆ. ಇದಕ್ಕೆ ಮದ್ದು ಸುಲಭ. ಅವರಿಬ್ಬರ ಕರಾರಿನಲ್ಲಿ ಏನೇ ಇರಲಿ, ಸಂಘದ ಮಟ್ಟಿಗೆ ಹೊಣೆ ಮಾಲೀಕರದ್ದು. ಬಿಲ್ ಮಾಲೀಕರ ಹೆಸರಿಗೇ ಹೋಗಬೇಕು, ಅಷ್ಟೇ.

ನೆಲಮಹಡಿಯ ಒಬ್ಬರು ಪ್ರತಿ ತಿಂಗಳೂ 3,200 ಕಟ್ಟುತ್ತಾರೆ, ಒಂದು ಸಾವಿರ ಹಿಡಿದುಕೊಳ್ಳುತ್ತಾರೆ. "ನಾನು ಲಿಫ್ಟ್ ಹತ್ತಲ್ಲ, ಜಿಮ್ಮಿಗೆ ಹೋಗಲ್ಲ, ಯಾಕೆ ಕೊಡಲಿ?" ಕೇಳಲು ನ್ಯಾಯವಾಗಿಯೇ ಇದೆ. ನಾನೂ ಒಂದು ದಿನ ಕೂತು ಯೋಚಿಸಿದೆ. ಆದರೆ ಈ ಪ್ರಶ್ನೆಗೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ನೇರವಾಗಿ ಉತ್ತರ ಹೇಳಿದೆ. ಸಾಮಾನ್ಯ ಜಾಗಗಳನ್ನು ನಾನು ಬಳಸುವುದಿಲ್ಲ ಅಂತಲೋ, ಮನೆಯನ್ನೇ ಬಿಟ್ಟು ಹೋಗಿದ್ದೇನೆ ಅಂತಲೋ ಹೇಳಿ ಯಾವ ಮಾಲೀಕನೂ ತನ್ನ ಪಾಲಿನ ಖರ್ಚಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ನೆಲಮಹಡಿಯವರಿಗೂ, ಗಲ್ಫಿನವರಿಗೂ, 'ಖಾಲಿ ಮನೆ' ಬಿಲ್ಡರಿಗೂ ಒಂದೇ ವಾಕ್ಯದಲ್ಲಿ ಉತ್ತರ ಸಿಕ್ಕಿತಲ್ಲ! ಊರಲ್ಲಿ ಕೆರೆ ಹೂಳು ತೆಗೆಯುವಾಗ ಮನೆಗೊಂದಾಳು ಅಂದರೆ ಮನೆಗೊಂದಾಳು. ನಮ್ಮ ಗದ್ದೆ ಕೆರೆಯ ಮೇಲಿದೆ, ನಮಗೆ ನೀರು ಬರಲ್ಲ ಅಂತ ಯಾರೂ ಮನೆಯಲ್ಲಿ ಕೂರುತ್ತಿರಲಿಲ್ಲ. ಜಾತ್ರೆಯ ವಂತಿಗೆಯೂ ಹಾಗೇ.

ಇನ್ನು ಮೂರನೇ ಮಹಡಿಯವರು. 14 ತಿಂಗಳು, 58,800. ಇವರದ್ದು ದುಡ್ಡಿನ ಸಮಸ್ಯೆಯೇ ಅಲ್ಲ. ಬೆಡ್‌ರೂಮಿನ ಗೋಡೆಯಲ್ಲಿ ನೀರು ಸೋರುತ್ತಿದೆ, ಪ್ರತಿ ಮಳೆಗಾಲ ಬಣ್ಣ ಎದ್ದು ಬರುತ್ತದೆ, ಕಮಿಟಿಗೆ ಐದು ಸಲ ಹೇಳಿದರೂ ಯಾರೂ ನೋಡಿಲ್ಲ. "ಸರಿ ಮಾಡಿಸಿ, ಆಮೇಲೆ ಕೊಡ್ತೀನಿ" ಅಂತ ಹಟ. ಅವರ ಸಿಟ್ಟು ನಿಜವಾದದ್ದು. ನಾನು ಹೋಗಿ ಗೋಡೆ ಮುಟ್ಟಿ ನೋಡಿದ್ದೇನೆ. ಆದರೆ ಹಿಡಿದಿರುವ ಕತ್ತಿ ತಪ್ಪು ಕಡೆ ತಿರುಗಿದೆ. ಕಟ್ಟಡದ ದೋಷಕ್ಕೆ 2016ರ ರೇರಾ ಕಾಯ್ದೆಯಡಿ ಬಿಲ್ಡರೇ ಹೊಣೆ. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ತೋರಿಸಿಕೊಟ್ಟರೆ 30 ದಿನದಲ್ಲಿ ಅವರ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ನಮಗೆ ಕೀಲಿ ಸಿಕ್ಕಿ ನಾಲ್ಕು ವರ್ಷ ದಾಟಿತು. ಅಂದರೆ ಇವರು ನಮ್ಮ ಮೇಲೆ ಮುನಿಸಿಕೊಂಡು ಕೂತ ಹೊತ್ತಿನಲ್ಲೇ ಬಿಲ್ಡರಿನ ಗಡುವು ಮುಗಿಯುತ್ತಾ ಬಂದಿದೆ. ಇವರು ಹಿಡಿದಿಟ್ಟ 58,800ರಿಂದ ಬಿಲ್ಡರಿಗೆ ಕೂದಲೂ ಕೊಂಕಿಲ್ಲ. ಕೊಂಕಿದ್ದು ಮೆಟ್ಟಿಲು ಒರೆಸುವ ಅಕ್ಕನ ಬಾಡಿಗೆಗೆ. ಇದನ್ನು ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಮಿಟಿ ಬರೆದುಕೊಟ್ಟರೆ ತಾನು ದೂರಿಗೆ ಸಹಿ ಹಾಕುತ್ತೇನೆ, ಬಾಕಿಯನ್ನೂ ಎರಡು ಕಂತಿನಲ್ಲಿ ಕಟ್ಟುತ್ತೇನೆ ಅಂದರು. ಐದು ಸಲ ಹೇಳಿದಾಗಲೇ ಕಮಿಟಿಯಿಂದ ಯಾರಾದರೊಬ್ಬರು ಹೋಗಿ ಆ ಗೋಡೆ ನೋಡಿದ್ದರೆ 14 ತಿಂಗಳು ಆಗುತ್ತಲೇ ಇರಲಿಲ್ಲ.

ಕೊನೆಯವರು ಐದನೇ ಮಹಡಿಯ ಮೇಷ್ಟ್ರು. ಪಿಂಚಣಿ ಇಲ್ಲದ ಖಾಸಗಿ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರು. ಫ್ಲಾಟು ಮಗ ಕೊಡಿಸಿದ್ದು, ಮಗನ ಕೆಲಸ ಹೋಗಿ ಕೆಲ ತಿಂಗಳಾಯಿತು, ಅಮ್ಮನವರಿಗೆ ಮಂಡಿ ಆಪರೇಷನ್ ಆಯಿತು. 5 ತಿಂಗಳು, 21,000. ಒಂದು ಸಂಜೆ ಕವರಿನಲ್ಲಿ ಎರಡು ಸಾವಿರ ಇಟ್ಟುಕೊಂಡು ಬಂದು, "ಖಜಾಂಚಿಗಳೇ, ಇದಕ್ಕೆ ರಸೀದಿ ಬೇಡ, ಜಮಾ ಮಾತ್ರ ಹಾಕ್ಕೊಳಿ" ಅಂದರು. ನಾನು ರಸೀದಿ ಬರೆದೇ ಕೊಟ್ಟೆ. ಅವರು ಆಮೇಲೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ ಹೋದರು. ಯಾಕೆ ಅಂತ ಕೇಳಲು ಬಾಯಿ ಬರಲಿಲ್ಲ. ಆಗಿನ್ನೂ ಪಟ್ಟಿಯ ಮಾತು ಎದ್ದಿರಲೂ ಇಲ್ಲ.

ಈಗ ಹೇಳಿ. ಬಿಲ್ಡರು ನಮ್ಮ ಲಿಫ್ಟ್ ಹತ್ತುವುದಿಲ್ಲ. ಗಲ್ಫಿನವರು ಹತ್ತುವುದಿಲ್ಲ. ನೆಲಮಹಡಿಯವರು ತಾವೇ ಹೇಳಿದಂತೆ ಹತ್ತುವುದಿಲ್ಲ. ಬಾಡಿಗೆ ಮನೆಗಳ ಓನರುಗಳು ಬೇರೆ ಬಡಾವಣೆಯಲ್ಲಿದ್ದಾರೆ. ದಿನಕ್ಕೆ ನಾಲ್ಕು ಸಲ ಆ ಪಟ್ಟಿಯ ಮುಂದೆ ನಿಂತು, ಪಕ್ಕದಲ್ಲಿ ಟ್ಯೂಷನ್ನಿಗೆ ಹೊರಟ ಮಕ್ಕಳು ತಮ್ಮ ಹೆಸರು ಓದುವುದನ್ನು ನೋಡುತ್ತಾ ಐದು ಮಹಡಿ ಏರಬೇಕಾದವರು ಮೇಷ್ಟ್ರು. ಎಂಟೂಮುಕ್ಕಾಲು ಲಕ್ಷದ ಆಸುಪಾಸಿನ ಬಾಕಿಯಲ್ಲಿ 21 ಸಾವಿರದವರು. ನಾಚಿಕೆ ಇರುವವರಿಗೆ ಮಾತ್ರ ನಾಟುವ ಬಾಣ ಅದು. ಅವರು ಹೇಗೂ ಕೊಡುವವರೇ.

ಪಟ್ಟಿ ಬೇಕೆನ್ನುವವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. "ನಾವು ಒಂದನೇ ತಾರೀಕು ಕಟ್ಟೋರು ಮುಠ್ಠಾಳರಾ?" ಅಂತ ಎರಡನೇ ಮಹಡಿಯ ಮೇಡಂ ಕೇಳಿದರು. ಸರಿಯಾದ ಪ್ರಶ್ನೆ. ತಿಂಗಳು ತಿಂಗಳು ಕಟ್ಟುವ 50 ಮನೆಯವರಿಗೆ ಯಾರು ಕಟ್ಟಿಲ್ಲ, ಎಷ್ಟು ಕಟ್ಟಿಲ್ಲ ಅಂತ ತಿಳಿಯುವ ಹಕ್ಕಿದೆ. ಅದಕ್ಕೆ ಜಾಗ ಇದೆ. ಸಭೆಯಲ್ಲಿ, ಸದಸ್ಯರಿಗೆ ಕೊಡುವ ಲೆಕ್ಕಪತ್ರದಲ್ಲಿ. ಅಲ್ಲಿ ಬಾಕಿದಾರರೂ ಎದ್ದು ನಿಂತು ಉತ್ತರ ಹೇಳಬಹುದು. ಲಿಫ್ಟಿನ ಗೋಡೆಗೆ ಉತ್ತರ ಹೇಳಲಾಗದು. ಅದನ್ನು ಓದುವವರಲ್ಲಿ ಅರ್ಧ ಜನ ನಮ್ಮ ನೆಂಟರು, ಕೊರಿಯರ್ ಹುಡುಗರು, ಗ್ಯಾಸ್ ತರುವವರು.

ನೀರು ನಿಲ್ಲಿಸುವ ಮಾತು ಇನ್ನೂ ಕೆಟ್ಟದ್ದು. ಶುದ್ಧ ನೀರು, ಗಾಳಿ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಸಂವಿಧಾನದ 21ನೇ ವಿಧಿಯನ್ನು ವಿವರಿಸುತ್ತಾ ಹೇಳಿದೆ. ವಿದ್ಯುತ್ತು ಯಾರಿಂದಲೂ ಕಸಿಯಬಾರದ ಮೂಲ ಸೌಕರ್ಯ ಅಂತ 2022ರಲ್ಲಿ ಒಂದು ಬಾಡಿಗೆ ಮನೆಯ ವ್ಯಾಜ್ಯದಲ್ಲಿ ಹೇಳಿತು. ಕರೆಂಟ್ ಬಿಲ್ಲೇ ಕಟ್ಟದ ಗಿರಾಕಿಗೂ ಬೆಸ್ಕಾಂ 15 ದಿನದ ನೋಟಿಸ್ ಕೊಟ್ಟೇ ಸಂಪರ್ಕ ಕತ್ತರಿಸಬೇಕು ಅನ್ನುತ್ತದೆ 2003ರ ವಿದ್ಯುತ್ ಕಾಯ್ದೆ. ಹಾಗಿರುವಾಗ ಮೇಂಟೆನೆನ್ಸ್ ಬಾಕಿಗೆ ನಮ್ಮ ಪ್ಲಂಬರ್ ಕೈಲಿ ವಾಲ್ವ್ ತಿರುಗಿಸಿದರೆ, ಬಾಕಿದಾರ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತಾನೆ, ಅಲ್ಲಿ ತಪ್ಪಿತಸ್ಥರ ಜಾಗದಲ್ಲಿ ಕಮಿಟಿ ನಿಂತಿರುತ್ತದೆ. ಕಾನೂನು ಬಿಡಿ, ಒಂದು ಮನೆಯ ನೀರು ನಿಲ್ಲಿಸಿದರೆ ಮೊದಲು ತೊಂದರೆಗೆ ಬೀಳುವುದು ಆ ಮನೆಯ ಮಗುವೋ ಮುದುಕಿಯೋ. ಈಜುಕೊಳ, ಪಾರ್ಟಿ ಹಾಲ್ ಕೊಡುವುದಿಲ್ಲ ಅನ್ನುವುದು ಬೇರೆ ಮಾತು. ಬೈಲಾದಲ್ಲಿ ಹಾಗಿದ್ದರೆ ಧಾರಾಳವಾಗಿ ಮಾಡಲಿ.

ಹಾಗಾದರೆ ಏನು ಮಾಡಬೇಕು? ನನಗೆ ಆಶ್ಚರ್ಯ ಆಗುವುದು ಇಲ್ಲೇ. ಕೂಗಾಡದೆ ವಸೂಲಿ ಮಾಡುವ ದಾರಿ ಕಾಯ್ದೆಯಲ್ಲೇ ಇದೆ, ಐವತ್ತು ವರ್ಷದಿಂದ ಇದೆ. ಡೀಡ್ ಆಫ್ ಡಿಕ್ಲರೇಷನ್ ನೋಂದಣಿ ಮಾಡಿಸಿ ಆ 1972ರ ಕಾಯ್ದೆಗೆ ಒಳಪಟ್ಟ ಕಟ್ಟಡಗಳಲ್ಲಿ, ಕಟ್ಟದೆ ಉಳಿದ ಸಾಮಾನ್ಯ ಖರ್ಚು ಆ ಫ್ಲಾಟಿನ ಮೇಲೆಯೇ ಒಂದು ಹೊಣೆಯಾಗಿ ಕೂರುತ್ತದೆ. ವಕೀಲರ ಭಾಷೆಯಲ್ಲಿ ಚಾರ್ಜ್. ಸರ್ಕಾರ ಮತ್ತು ಪಾಲಿಕೆಯ ತೆರಿಗೆ, ಮನೆಯ ಮೇಲಿನ ಮೊದಲ ಅಡಮಾನ, ಇವೆರಡನ್ನು ಬಿಟ್ಟರೆ ಉಳಿದೆಲ್ಲ ಸಾಲಕ್ಕಿಂತ ಮೊದಲು ಸಂಘದ ಬಾಕಿ. ಮನೆ ಮಾರಿದರೆ ಮಾರಿದವರೂ ಕೊಂಡವರೂ ಇಬ್ಬರೂ ಸೇರಿ ಹೊಣೆ. ಗಲ್ಫಿನವರ ಮನೆ ಎಲ್ಲಿಗೂ ಓಡಿಹೋಗುವುದಿಲ್ಲ. ಬಿಲ್ಡರ್ ಆ 6 ಫ್ಲಾಟನ್ನು ಒಂದಲ್ಲ ಒಂದು ದಿನ ಮಾರಲೇಬೇಕು. ಕೊಳ್ಳುವವರಿಗೆ ಸಂಘದಿಂದ ಬಾಕಿಯ ವಿವರಪತ್ರ ಕೇಳುವ ಹಕ್ಕಿದೆ. ಪತ್ರದಲ್ಲಿ ಬರೆದ ಮೊತ್ತಕ್ಕಿಂತ ಹೆಚ್ಚಿನದಕ್ಕೆ ಅವರನ್ನು ಹಿಡಿಯುವಂತಿಲ್ಲ. (ಸೆಕೆಂಡ್ ಹ್ಯಾಂಡ್ ಫ್ಲಾಟ್ ಕೊಳ್ಳಲು ಹೊರಟ ಮಿತ್ರರೇ, ಅಡ್ವಾನ್ಸ್ ಕೊಡುವ ಮುಂಚೆ ಈ ವಿವರಪತ್ರ ಕೇಳಿ. ಇಲ್ಲದಿದ್ದರೆ ಯಾರದ್ದೋ ಮೂರು ವರ್ಷದ ಮೇಂಟೆನೆನ್ಸ್ ನಿಮ್ಮ ಗೃಹಪ್ರವೇಶದ ದಿನ ಬಾಗಿಲು ತಟ್ಟುತ್ತದೆ.)

ಆದರೆ ಒಂದು ತೊಡಕಿದೆ, ದಿನ ಕಳೆದುಹೋಗುವುದು. ಬರಬೇಕಾದ ಹಣಕ್ಕೆ ಸಾಮಾನ್ಯ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯಲ್ಲಿ ಇರುವುದು 3 ವರ್ಷ. ಸ್ಥಿರಾಸ್ತಿಯ ಮೇಲೆ ಕೂತ ಹೊಣೆಯನ್ನು ಜಾರಿಮಾಡಿಸಲು 12 ವರ್ಷ ಇದೆ ಅನ್ನುವುದು ನಿಜ. ಆದರೆ ಆ ದಾರಿ ಹಿಡಿಯಲು ಕಟ್ಟಡದ ಕಾಗದಪತ್ರ ನೆಟ್ಟಗಿರಬೇಕು. ಎಷ್ಟು ಕಟ್ಟಡಗಳಲ್ಲಿ ನೆಟ್ಟಗಿದೆ? ನಮ್ಮ ರಸ್ತೆಯಲ್ಲೇ ಒಂದು ಅಪಾರ್ಟ್‌ಮೆಂಟ್ 1960ರ ಸಂಘಗಳ ಕಾಯ್ದೆಯಡಿ ನೋಂದಣಿಯಾಗಿದೆ, ಇನ್ನೊಂದು 1959ರ ಸಹಕಾರ ಸಂಘಗಳ ಕಾಯ್ದೆ ಅಂತ ಓಡಾಡುತ್ತಿದೆ, ನಮ್ಮದು 1972ರದ್ದು. ಡೊಂಬಿವಲಿಯಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಇದನ್ನು ಹೇಳಿದರೆ ನಗುತ್ತಾರೆ. ಮುಂಬೈ ಕಡೆ ಹೌಸಿಂಗ್ ಸೊಸೈಟಿ ಅಂದರೆ ಸಹಕಾರ ಸಂಘ, ಬಾಕಿ ಉಳಿಸಿದರೆ ರಿಜಿಸ್ಟ್ರಾರರ ಹತ್ತಿರ ಹೋಗಿ ವಸೂಲಿ ಸರ್ಟಿಫಿಕೇಟ್ ತರುತ್ತಾರೆ, ಭೂಕಂದಾಯದ ಬಾಕಿಯಂತೆ ವಸೂಲಾಗುತ್ತದೆ. ಬಡ್ಡಿ ವರ್ಷಕ್ಕೆ ಶೇ 21 ಮೀರುವಂತಿಲ್ಲ ಅಂತ ಅಲ್ಲಿನ ಮಾದರಿ ಬೈಲಾದಲ್ಲಿ ಮಿತಿಯೂ ಇದೆ. ನಮ್ಮಲ್ಲಿ 2025ರಲ್ಲಿ ಹೊಸ ಕಾಯ್ದೆಯ ಮಾತು ಜೋರಾಗಿ ಎದ್ದಿತು. ಹೊಸದು ಬರುವವರೆಗೆ ಅಂತ ಕೈಕಟ್ಟಿ ಕೂತರೆ ನಮ್ಮ 3 ವರ್ಷ ನಮ್ಮನ್ನು ಕಾಯುವುದಿಲ್ಲ.

ಇಲ್ಲಿ ಒಂದು ಸಣ್ಣ ಕಾಗದದ ಬೆಲೆ ಬಹಳ. "ಇಂಥ ತಾರೀಕಿನವರೆಗೆ ನನ್ನಿಂದ ಇಷ್ಟು ಬಾಕಿ ಇದೆ" ಅಂತ ಬಾಕಿದಾರರು ಗಡುವಿನೊಳಗೆ ಬರೆದು ಸಹಿ ಹಾಕಿದರೆ, ಆ ದಿನದಿಂದ ಕಾಲಮಿತಿ ಹೊಸದಾಗಿ ಶುರುವಾಗುತ್ತದೆ. ಜಗಳವಾಡಿದವರಿಂದ ಈ ಸಹಿ ಸಿಗುವುದಿಲ್ಲ ಸ್ವಾಮಿ. ಕಾಫಿ ಕುಡಿಯುತ್ತಾ ಕೂತು ಮಾತಾಡಿದರೆ ಸಿಗುತ್ತದೆ. ಲಿಫ್ಟಿಗೆ ಪಟ್ಟಿ ಅಂಟಿಸಿದ ಮಾರನೇ ದಿನ ಅವರ ಮನೆಗೆ ಹೋಗಿ ಸಹಿ ಕೇಳಿ ನೋಡಿ, ಏನಾಗುತ್ತೆ ಅಂತ.

ಸಹಿಯೂ ಇಲ್ಲ, ದುಡ್ಡೂ ಇಲ್ಲ ಅಂದರೆ ಮೊದಲು ಅಂಚೆಯಲ್ಲಿ ನೋಟಿಸು. ಆಮೇಲೆ ನೇರ ಕೋರ್ಟಿಗೆ ಓಡುವ ಮೊದಲು ಲೋಕ ಅದಾಲತ್ ಅನ್ನುವುದೊಂದಿದೆ. ಕೇಸು ದಾಖಲಾಗುವ ಮುಂಚೆಯೇ ಅಲ್ಲಿಗೆ ಒಯ್ಯಬಹುದು, ಕೋರ್ಟ್ ಶುಲ್ಕ ಇಲ್ಲ, ಇಬ್ಬರೂ ಒಪ್ಪಿ ರಾಜಿ ಆದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿಯೂ ಇಲ್ಲ. ಐವತ್ತು ಸಾವಿರದ ಬಾಕಿಗೆ ಮೂವತ್ತು ಸಾವಿರದ ವಕೀಲರನ್ನು ಹಿಡಿಯುವುದಕ್ಕಿಂತ ಇದು ವಾಸಿಯಲ್ಲವೇ. ಒಪ್ಪದೇ ಇದ್ದವರ ಮೇಲೆ ಮಾತ್ರ ದಾವೆ. ನಮ್ಮಲ್ಲಿ ಆ ಲೆಕ್ಕಕ್ಕೆ ಬರುವುದು ನನ್ನ ಪ್ರಕಾರ ಒಬ್ಬರೇ, ಯಾರು ಅಂತ ಹೇಳಬೇಕಿಲ್ಲ :-)

ಬಡ್ಡಿಯ ಬಗ್ಗೆ ಒಂದು ಮಾತು. ನಮ್ಮ ಬೈಲಾದಲ್ಲಿ ವರ್ಷಕ್ಕೆ ಶೇ 18. ಕೇಳಲು ಭಯಂಕರ, ಆದರೆ 4,200ಕ್ಕೆ ಒಂದು ತಿಂಗಳಿಗೆ 63 ರೂಪಾಯಿ. ಎರಡು ಕಾಫಿಯ ಕಾಸು. ಇದರಿಂದ ಯಾರೂ ಹೆದರಿ ಕಟ್ಟುವುದಿಲ್ಲ. ಹಾಗಂತ ಅದನ್ನು ಏರಿಸಿ, ಬಡ್ಡಿಗೆ ಬಡ್ಡಿ ಹಾಕಿ, ಅಸಲಿಗಿಂತ ದೊಡ್ಡ ಮೊತ್ತ ಮಾಡಿ, ವರ್ಷದ ಕೊನೆಗೆ 'ಬಡ್ಡಿ ಮನ್ನಾ' ಘೋಷಿಸುವ ಸಂಘಗಳಿವೆ. ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಮೊದಲ ವರ್ಷ ಮನ್ನಾ ಮಾಡಿದರೆ ಎರಡನೇ ವರ್ಷ ಎಲ್ಲರೂ ಮನ್ನಾಕ್ಕೆ ಕಾಯುತ್ತಾರೆ. ಬಡ್ಡಿ ಸಣ್ಣದಿರಲಿ, ತಿಂಗಳು ತಿಂಗಳು ಬಿಲ್ಲಿನಲ್ಲಿ ಕಾಣಲಿ, ಮನ್ನಾ ಅನ್ನುವುದು ಸಭೆಯ ಒಪ್ಪಿಗೆ ಇಲ್ಲದೆ ಯಾರಿಗೂ ಸಿಗದಿರಲಿ. ಅಧ್ಯಕ್ಷರ ಭಾವಮೈದುನನಿಗೂ!

ಅಷ್ಟಕ್ಕೂ ಎರಡು ವರ್ಷದ ಅನುಭವದಲ್ಲಿ ವಸೂಲಿಗೆ ಅತಿ ಹೆಚ್ಚು ನೆರವಾದದ್ದು ಕಾನೂನೂ ಅಲ್ಲ, ಬಡ್ಡಿಯೂ ಅಲ್ಲ. ಖರ್ಚಿನ ಪಟ್ಟಿ. ಮೊದಲು ನಮ್ಮಲ್ಲಿ ವರ್ಷಕ್ಕೊಮ್ಮೆ ಎರಡು ಸಾಲಿನ ಲೆಕ್ಕ ಕೊಡುತ್ತಿದ್ದರು. ದುಡ್ಡು ಎಲ್ಲಿ ಹೋಯಿತು ಅಂತ ಗೊತ್ತಿಲ್ಲದವನು ಮುಂದಿನ ತಿಂಗಳು ಕೊಡಲು ಹಿಂದೆಮುಂದೆ ನೋಡುವುದು ಸಹಜ. ಈಗ ಪ್ರತಿ ತಿಂಗಳು 5ನೇ ತಾರೀಕು ಒಂದೇ ಪುಟದ ಲೆಕ್ಕ ನೋಟಿಸ್ ಬೋರ್ಡಿಗೆ ಹಾಕುತ್ತೇನೆ. ಡೀಸೆಲ್ ಎಷ್ಟು ಲೀಟರ್, ಟ್ಯಾಂಕರ್ ಎಷ್ಟು ಲೋಡು, ಯಾವ ಬಿಲ್ ಕಟ್ಟಿಲ್ಲ, ಯಾಕೆ ಕಟ್ಟಿಲ್ಲ. ಕೊನೆಯ ಸಾಲಿನಲ್ಲಿ ಸಿಬ್ಬಂದಿಯ ಸಂಬಳ ಯಾವ ತಾರೀಕಿಗೆ ಆಯಿತು ಅಂತ. ಎರಡು ತಿಂಗಳು ತಡಮಾಡುವ ಮನೆಗಳು ಮೊದಲು ಹದಿಮೂರಿದ್ದವು, ಈಗ ನಾಲ್ಕು. ಅಂಟಿಸಲೇಬೇಕು ಅನ್ನುವ ಚಪಲ ಇದ್ದವರು ಈ ಪಟ್ಟಿಯನ್ನು ಲಿಫ್ಟಿಗೂ ಅಂಟಿಸಲಿ, ಗೋಂದು ನಾನೇ ಕೊಡುತ್ತೇನೆ.

ಬರುವ ಭಾನುವಾರ ಸಭೆ. ನಾನು ಇಡುವ ಪ್ರಸ್ತಾಪ ದೊಡ್ಡದೇನಲ್ಲ. ಸಂಘದ ಮೊದಲ ನೋಟಿಸು ಬಿಲ್ಡರಿಗೆ ಹೋಗಲಿ, 6,55,200 ಮತ್ತು ಬಡ್ಡಿಗೆ. ಅದರ ಜೊತೆಯಲ್ಲೇ ಸೋರುವ ಗೋಡೆಯ ದೂರು ರೇರಾಗೆ. ಮೇಷ್ಟ್ರು ಪ್ರತಿ ತಿಂಗಳ ಮೇಂಟೆನೆನ್ಸ್ ಜೊತೆ 1,500 ಹೆಚ್ಚು ಕೊಡುತ್ತೇನೆ ಅಂದಿದ್ದಾರೆ. 21,000 ತೀರಲು 14 ತಿಂಗಳು, ಕೊಟ್ಟ ಎರಡು ಸಾವಿರ ಕಳೆದರೆ ಇನ್ನೂ ಬೇಗ. ಅದನ್ನು ಸಭೆ ಒಪ್ಪಲಿ, ಹೆಸರು ಹೇಳದೆ ಮನೆ ನಂಬರಿನಲ್ಲಿ ಬರೆದುಕೊಳ್ಳಲಿ. ಮೂರನೆಯದು, ಕಾರ್ಪಸ್ ಹಣದಿಂದ ಎರಡು ತಿಂಗಳ ಸಂಬಳದಷ್ಟು, ಅಂದರೆ 2,84,000 ರೂಪಾಯಿ ತೆಗೆದು ಬೇರೆ ಖಾತೆಯಲ್ಲಿಡೋಣ. ಯಾರು ಕೊಡಲಿ ಬಿಡಲಿ, ಕಾವಲಿನವರ ಮತ್ತು ಗುಡಿಸುವವರ ಬಿಲ್ಲು 1ನೇ ತಾರೀಕು ಆ ಖಾತೆಯಿಂದ ಹೋಗಬೇಕು, ಬಾಕಿ ಬಂದಹಾಗೆ ಖಾತೆ ಮತ್ತೆ ತುಂಬಬೇಕು.

ಮೂರನೆಯದಕ್ಕೆ ಈಗಾಗಲೇ ಆಕ್ಷೇಪ ಬಂದಿದೆ, "ಅವರ ಸಂಬಳ ಏಜೆನ್ಸಿಯ ತಲೆನೋವು ಕಣ್ರೀ, ನಮಗ್ಯಾಕೆ" ಅಂತ. ರಾಯಚೂರಿನ ಅಕ್ಕನಿಗೆ ಭಾನುವಾರ ಹತ್ತೂವರೆಗೆ ಸಭೆಗೆ ಬಂದು ಕೂತ್ಕೊಳಿ ಅಂತ ಹೇಳಿದ್ದೇನೆ. ಆ ಆಕ್ಷೇಪ ಎತ್ತಿದವರು ಆಕೆಯ ಎದುರಿಗೇ ಅದನ್ನು ಓದಿ ಹೇಳಲಿ.